ಪಾಟಿ ಸವಾಲಿನ ಕೊನೆಯ ಮೂರು ಪ್ರಶ್ನೆ

ನಮ್ಮ ಕಡೆಯ ಕ್ರಿಮಿನಲ್ ಕೋರ್ಟುಗಳಲ್ಲಿ ಪಾಟಿ ಸವಾಲು ಹೇಗೇ ಶುರುವಾಗಲಿ, ಮುಗಿಯುವುದು ಮಾತ್ರ ಒಂದೇ ಥರ. ಆರೋಪಿಯ ಪರ ವಕೀಲರು ತಮ್ಮ ವಾದವನ್ನೆಲ್ಲ ಒಂದೊಂದಾಗಿ ಸಾಕ್ಷಿಯ ಮುಂದಿಡುತ್ತಾರೆ. ಸಾಕ್ಷಿ ಒಂದೊಂದನ್ನೂ ಅಲ್ಲಗಳೆಯುತ್ತಾನೆ. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸುತ್ತಾರೆ: "ನಾನು ಘಟನೆಯನ್ನು ನೋಡಿಲ್ಲ ಎಂದರೆ ಸರಿಯಲ್ಲ. ಪೊಲೀಸರು ಹೇಳಿಕೊಟ್ಟಂತೆ ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಆರೋಪಿಗೆ ಶಿಕ್ಷೆಯಾಗಲಿ ಎಂದು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ."

ವಕೀಲರ ಬಾಯಲ್ಲಿ ಇದಕ್ಕೆ ಸಜೆಷನ್ ಎನ್ನುತ್ತಾರೆ. ಮಲೆನಾಡಿನ ತಾಲೂಕು ಕೋರ್ಟೊಂದರಲ್ಲಿ ಕೆಲವು ವರ್ಷ ವಕೀಲಿಕೆ ಮಾಡಿದ ನಾನು ಎಷ್ಟು ಸಜೆಷನ್ ಹಾಕಿದ್ದೇನೋ ಲೆಕ್ಕವಿಲ್ಲ. ಅದಕ್ಕೊಂದು ಕಾರಣವೂ ಇದೆ. 1893ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಬ್ರೌನ್ ವಿರುದ್ಧ ಡನ್ ಎಂಬ ಪ್ರಕರಣವಿದೆ. ಸಾಕ್ಷಿ ಹೇಳಿದ್ದು ನಿಜವಲ್ಲ ಎಂದು ಮುಂದೆ ವಾದಿಸುವವರು ಆ ಮಾತನ್ನು ಸಾಕ್ಷಿ ಕಟಕಟೆಯಲ್ಲಿರುವಾಗಲೇ ಅವನ ಮುಂದಿಟ್ಟು, ಉತ್ತರಿಸಲು ಅವಕಾಶ ಕೊಡಬೇಕು ಎಂಬುದು ಅದರ ತಿರುಳು. ನಮ್ಮ ಕೋರ್ಟುಗಳು ಆ ತತ್ವವನ್ನು ಗಟ್ಟಿಯಾಗಿ ಹಿಡಿದುಕೊಂಡಿವೆ. ಕೇಳದೆ ಬಿಟ್ಟರೆ, ಸಾಕ್ಷಿಯ ಆ ಮಾತನ್ನು ಎದುರು ಪಕ್ಷ ಪ್ರಶ್ನಿಸಿಲ್ಲ ಎಂದು ತೀರ್ಪಿನಲ್ಲಿ ಬರುತ್ತದೆ. ಆ ಒಂದು ವಾಕ್ಯಕ್ಕೆ ಹೆದರದ ವಕೀಲರಿಲ್ಲ. ಹೀಗಾಗಿ ಸಜೆಷನ್ ಹಾಕದೆ ಕುಳಿತುಕೊಂಡರೆ ಪಾಟಿ ಸವಾಲು ಅರ್ಧಕ್ಕೇ ನಿಂತಂತೆ ಎಂದು ನನ್ನ ಸೀನಿಯರ್ ಹೇಳುತ್ತಿದ್ದರು. ಅವರು ಮಾಡುವುದನ್ನು ನೋಡಿ ನಾನು ಕಲಿತೆ. ನನ್ನನ್ನು ನೋಡಿ ನನ್ನ ಜೂನಿಯರ್ ಕಲಿತಳು.

ಈ ಕಲಿಕೆಯನ್ನು ನಾನು ಅದರ ಕಾರಣದಿಂದ ಬಿಡಿಸಿ, ಬರೀ ಅಭ್ಯಾಸವಾಗಿ ಕ್ಯಾಲಿಫೋರ್ನಿಯಾಕ್ಕೆ ಹೊತ್ತೊಯ್ದೆ. ಅಲ್ಲಿ ಹದಿನೈದು ವರ್ಷದ ಒಬ್ಬ ಹುಡುಗಿ ಅದರ ಬೆಲೆ ತೆರಬೇಕಾಯಿತು.

ಗಂಡನ ಕೆಲಸದಿಂದಾಗಿ ಬೇ ಏರಿಯಾಕ್ಕೆ ಹೋದವಳು ನಾನು. ಎಚ್-4 ವೀಸಾ, ಸಂಬಳದ ಕೆಲಸ ಮಾಡುವಂತಿರಲಿಲ್ಲ. ಕರಿ ಕೋಟು ಪೆಟ್ಟಿಗೆಯ ತಳದಲ್ಲಿತ್ತು. ಮಗನ ಹೈಸ್ಕೂಲಿನಲ್ಲಿ ಮಾಕ್ ಟ್ರಯಲ್ ತಂಡವಿದೆ, ಕಾನೂನು ಓದಿದ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ತಿಳಿದಾಗ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಸಂಜೆ ಹೊತ್ತು ಸಮಾಜ ವಿಜ್ಞಾನದ ತರಗತಿಯಲ್ಲಿ ಮೇಜುಗಳನ್ನು ಸರಿಸಿ ಮಕ್ಕಳು ಕೋರ್ಟು ಕಟ್ಟಿಕೊಳ್ಳುತ್ತಿದ್ದರು. ಮೊದಲ ದಿನವೇ ಒಬ್ಬ ಹುಡುಗ ಎದ್ದು "ಅಬ್ಜೆಕ್ಷನ್, ಯುವರ್ ಆನರ್, ಹಿಯರ್‌ಸೇ" ಎಂದಾಗ ನನಗೆ ಮೈ ಜುಮ್ಮೆಂದಿತು.

ಈ ಸ್ಪರ್ಧೆಯ ಬಗ್ಗೆ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ಹೇಳಬೇಕು. ನಮ್ಮ ಕಾನೂನು ಕಾಲೇಜುಗಳಲ್ಲಿರುವುದು ಮೂಟ್ ಕೋರ್ಟ್. ಬಾರ್ ಕೌನ್ಸಿಲ್‌ನ 2008ರ ನಿಯಮಗಳಲ್ಲಿ ಮೂರು ಮೂಟ್‌ಗೆ ಹತ್ತತ್ತರಂತೆ ಮೂವತ್ತು ಅಂಕ, ಒಂದು ಸಿವಿಲ್ ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆದದ್ದಕ್ಕೆ ಇನ್ನು ಮೂವತ್ತು ಇವೆ. ಮೂಟ್‌ನಲ್ಲಿ ಸಂಗತಿಗಳು ಮೊದಲೇ ತೀರ್ಮಾನವಾಗಿರುತ್ತವೆ, ಕಾನೂನಿನ ಅರ್ಥದ ಮೇಲೆ ಮೇಲ್ಮನವಿ ಕೋರ್ಟಿನಂತೆ ವಾದ ನಡೆಯುತ್ತದೆ. ಸಾಕ್ಷಿ ಇರುವುದಿಲ್ಲ. ಐದು ವರ್ಷ ಕಾನೂನು ಓದಿ ಮುಗಿಸಿದರೂ ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅಮೆರಿಕದ ಹೈಸ್ಕೂಲು ಮಕ್ಕಳು ಶುರು ಮಾಡುವುದೇ ಅಲ್ಲಿಂದ. ಒಂದು ಕಾಲ್ಪನಿಕ ಪ್ರಕರಣದ ಕಡತ ಕೈಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಸಿದ್ಧಪಡಿಸುವುದು ಲಾಸ್ ಏಂಜಲೀಸಿನ ಒಂದು ಸಂಸ್ಥೆ. ಹಿಂದೆ ಕಾನ್‌ಸ್ಟಿಟ್ಯೂಷನಲ್ ರೈಟ್ಸ್ ಫೌಂಡೇಷನ್ ಎಂದಿತ್ತು, ಈಗ ಟೀಚ್ ಡೆಮಾಕ್ರಸಿ. ಕಡತದಲ್ಲಿ ಸಾಕ್ಷಿಗಳ ಹೇಳಿಕೆಗಳು, ಎರಡೂ ಪಕ್ಷ ಒಪ್ಪಿದ ಸಂಗತಿಗಳು, ಆರೋಪಕ್ಕೆ ಸಂಬಂಧಿಸಿದ ಕಾನೂನು, ಸರಳಗೊಳಿಸಿದ ಸಾಕ್ಷ್ಯ ನಿಯಮಗಳು ಎಲ್ಲವೂ ಇರುತ್ತವೆ. ಅದರ ಹೊರಗಿನ ಯಾವುದನ್ನೂ ತರುವಂತಿಲ್ಲ.

ಮಕ್ಕಳೇ ವಕೀಲರು, ಮಕ್ಕಳೇ ಸಾಕ್ಷಿಗಳು, ಸಮಯ ನೋಡುವ ಗುಮಾಸ್ತನೂ ಮಕ್ಕಳಲ್ಲೊಬ್ಬ. ಒಂದು ಸುತ್ತಿನಲ್ಲಿ ಸರ್ಕಾರದ ಪರ ನಿಂತ ತಂಡ ಇನ್ನೊಂದರಲ್ಲಿ ಆರೋಪಿಯ ಪರ ನಿಲ್ಲಬೇಕು. ಇದರಿಂದ ಮಕ್ಕಳಿಗಾಗುವ ಲಾಭ ದೊಡ್ಡದು. ನಿನ್ನೆ ತಾನೇ ಕಟ್ಟಿದ ವಾದವನ್ನು ಇವತ್ತು ತಾನೇ ಕೆಡವಬೇಕು. ವಿಚಾರಣೆ ನಡೆಯುವುದು ಕೌಂಟಿಯ ನಿಜವಾದ ಕೋರ್ಟು ಹಾಲಿನಲ್ಲಿ, ದಿನದ ಕಲಾಪ ಮುಗಿದ ಮೇಲೆ. ಪೀಠದಲ್ಲಿ ನಿಜವಾದ ನ್ಯಾಯಾಧೀಶರೋ ವಕೀಲರೋ ಇರುತ್ತಾರೆ, ಅಂಕ ಹಾಕುವವರೂ ವಕೀಲರೇ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಕೊನೆಗೆ ತೀರ್ಪು ಬರುತ್ತದಾದರೂ ಗೆಲುವಿಗೂ ಅದಕ್ಕೂ ಸಂಬಂಧವಿಲ್ಲ. ಆರಂಭದ ಮಾತು, ಮುಖ್ಯ ವಿಚಾರಣೆ, ಪಾಟಿ ಸವಾಲು, ಸಾಕ್ಷಿಯ ಅಭಿನಯ, ಕೊನೆಯ ವಾದ ಒಂದೊಂದಕ್ಕೂ ಅಂಕವಿದೆ. ಕೇಸು ಸೋತ ತಂಡ ಸುತ್ತನ್ನು ಗೆಲ್ಲಬಹುದು. ಕೌಂಟಿ ಗೆದ್ದವರು ರಾಜ್ಯಕ್ಕೆ, ರಾಜ್ಯ ಗೆದ್ದವರು ರಾಷ್ಟ್ರಮಟ್ಟಕ್ಕೆ. ರಾಷ್ಟ್ರಮಟ್ಟದ ಸ್ಪರ್ಧೆ 1984ರಲ್ಲಿ ಅಯೋವಾದ ಡೆ ಮಾಯ್ನ್ ನಗರದಲ್ಲಿ ಐದು ರಾಜ್ಯಗಳ ತಂಡಗಳೊಂದಿಗೆ ಶುರುವಾದದ್ದು.

ನಮ್ಮ ತಂಡಕ್ಕೆ ಬಂದ ಕಡತವನ್ನು ನಾನು ಓದಿದೆ. ಓದಿದೆ ಎಂದರೆ ಹೇಳಿಕೆಗಳನ್ನು, ಸಂಗತಿಗಳನ್ನು. ಹಿಂಭಾಗದ ನಿಯಮಗಳ ಪುಟಗಳನ್ನು ಸುಮ್ಮನೆ ತಿರುವಿ ಹಾಕಿದೆ. ಸಾಕ್ಷ್ಯ ಕಾಯ್ದೆ ನನಗೆ ಬಾಯಿಪಾಠ, ಮಕ್ಕಳಿಗಾಗಿ ಸರಳ ಮಾಡಿದ ಪುಟಗಳನ್ನು ನಾನೇನು ಓದುವುದು ಎಂಬ ಭಾವ ಮನಸ್ಸಿನಲ್ಲಿತ್ತು.

ಶುರುವಿನ ವಾರಗಳು ಚೆನ್ನಾಗಿಯೇ ನಡೆದವು. ಬೇರೆಯವರಿಂದ ಕೇಳಿದ ಮಾತನ್ನು ಸಾಕ್ಷ್ಯವಾಗಿ ಯಾಕೆ ಒಪ್ಪುವುದಿಲ್ಲ ಎಂದು ಮಕ್ಕಳು ಕೇಳಿದಾಗ ಸರ್ ವಾಲ್ಟರ್ ರಾಲೀಯ ವಿಚಾರಣೆಯ ಕಥೆ ಹೇಳಿದೆ. 1603ರಲ್ಲಿ ಅವನ ಮೇಲೆ ರಾಜದ್ರೋಹದ ಆರೋಪ ಬಂತು. ಮುಖ್ಯ ಸಾಕ್ಷ್ಯ ಲಾರ್ಡ್ ಕಾಬಮ್ ಎಂಬಾತ ಬಂಧನದಲ್ಲಿದ್ದಾಗ ಕೊಟ್ಟ ಹೇಳಿಕೆ. ಅವನನ್ನು ಕರೆಸಿ, ನನ್ನ ಮುಖ ನೋಡಿ ಆ ಮಾತು ಹೇಳಲಿ ಎಂದು ರಾಲೀ ಬೇಡಿಕೊಂಡ. ಕರೆಸಲಿಲ್ಲ. ಹೇಳಿಕೆಯನ್ನು ಓದಿ ಶಿಕ್ಷೆ ವಿಧಿಸಿದರು. 1618ರಲ್ಲಿ ತಲೆ ಕಡಿದರು. ಅಮೆರಿಕದ ಸುಪ್ರೀಂ ಕೋರ್ಟು 2004ರ ಕ್ರಾಫರ್ಡ್ ಪ್ರಕರಣದಲ್ಲಿ, ಆರೋಪಿಗೆ ತನ್ನ ವಿರುದ್ಧದ ಸಾಕ್ಷಿಯನ್ನು ಎದುರಿಸುವ ಹಕ್ಕು ಎಲ್ಲಿಂದ ಬಂತೆಂದು ವಿವರಿಸುವಾಗ ಇದೇ ರಾಲೀಯನ್ನು ನೆನೆದಿದೆ. ಕಥೆ ಮುಗಿದಾಗ ತರಗತಿಯಲ್ಲಿ ಯಾರೂ ಮಿಸುಕಾಡಲಿಲ್ಲ. ಮಕ್ಕಳು ನನ್ನ ಮಾತನ್ನು ನಂಬತೊಡಗಿದರು. ನನ್ನನ್ನು ನಾನು ಅವರಿಗಿಂತ ಹೆಚ್ಚು ನಂಬತೊಡಗಿದೆ.

ಆರೋಪಿಯ ಪರ ಮುಖ್ಯವಾದ ಪಾಟಿ ಸವಾಲು ಒಬ್ಬ ಹತ್ತನೇ ತರಗತಿಯ ಹುಡುಗಿಯ ಪಾಲಿಗೆ ಬಂದಿತ್ತು. ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದವರು. ಮನೆಯಲ್ಲಿ ಸ್ಪ್ಯಾನಿಷ್, ಕೌಂಟಿ ಕಚೇರಿಯ ಕಾಗದಗಳನ್ನೆಲ್ಲ ಅಪ್ಪನಿಗೆ ಓದಿ ಹೇಳುವವಳು ಇವಳೇ. ಅದಕ್ಕೇ ಇರಬೇಕು, ಕಾಗದ ಓದುವಾಗ ಅವಳ ಬೆರಳು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು, ಒಂದು ಸಾಲೂ ತಪ್ಪುತ್ತಿರಲಿಲ್ಲ. ಅವಳು ಮಾಡಿಕೊಂಡಿದ್ದ ಹಾಳೆಯನ್ನು ನಾನು ಇಲ್ಲಿ ವಿವರಿಸಲೇಬೇಕು. ಮೂರು ಕಾಲಮ್ಮು. ಮೊದಲನೆಯದರಲ್ಲಿ ಪ್ರಶ್ನೆ. ಎರಡನೆಯದರಲ್ಲಿ ಸಾಕ್ಷಿ ಕೊಡಲೇಬೇಕಾದ ಉತ್ತರ, ಹೌದು ಅಥವಾ ಇಲ್ಲ. ಮೂರನೆಯದರಲ್ಲಿ ಆ ಉತ್ತರ ಹೇಳಿಕೆಯ ಯಾವ ಪುಟದ ಯಾವ ಸಾಲಿನಲ್ಲಿದೆ ಎಂಬ ಸಂಖ್ಯೆ. ಮೂರನೆಯ ಕಾಲಮ್ಮು ಖಾಲಿ ಇದ್ದ ಪ್ರಶ್ನೆಯನ್ನು ಅವಳು ಕೇಳುತ್ತಲೇ ಇರಲಿಲ್ಲ.

ಪ್ರಕರಣ ರಾತ್ರಿ ಹೊತ್ತು ಪಾರ್ಕಿಂಗ್ ಜಾಗದಲ್ಲಿ ನಡೆದ ಹಲ್ಲೆಯದ್ದು. ಸಾಕ್ಷಿ ಪಕ್ಕದ ಕಟ್ಟಡದ ನಿವಾಸಿ. ಘಟನೆ ನಡೆದ ಒಂದು ಗಂಟೆಯೊಳಗೆ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ, ಬೂದು ಬಣ್ಣದ ಜಾಕೆಟ್ ಹಾಕಿದ್ದವನು ಓಡಿದ, ಮುಖ ಸರಿಯಾಗಿ ಕಾಣಲಿಲ್ಲ ಎಂದಿದ್ದಾಳೆ. ಕೆಲವು ದಿನಗಳ ನಂತರದ ಹೇಳಿಕೆಯಲ್ಲಿ ಆರೋಪಿಯ ಹೆಸರು ಹೇಳಿದ್ದಾಳೆ. ಹುಡುಗಿಯ ಪಾಟಿ ಸವಾಲು ಇದರ ಮೇಲೆಯೇ ನಿಂತಿತ್ತು. ಮೊದಲ ಹೇಳಿಕೆ ಕೊಟ್ಟದ್ದು ಘಟನೆಯಾದ ಕೂಡಲೇ ಅಲ್ಲವೇ, ಆಗ ನೆನಪು ಹಸಿಯಾಗಿತ್ತಲ್ಲವೇ, ಅದನ್ನು ಓದಿ ಸಹಿ ಹಾಕಿದ್ದೀರಲ್ಲವೇ ಎಂದು ಸಾಕ್ಷಿಯಿಂದ ಒಪ್ಪಿಸಿಕೊಂಡು, ಆ ಹಾಳೆಯನ್ನು ಅವಳ ಕೈಗೆ ಕೊಟ್ಟು, ಮುಖ ಕಾಣಲಿಲ್ಲ ಎಂಬ ಸಾಲನ್ನು ಅವಳಿಂದಲೇ ಓದಿಸುವುದು. ಅಲ್ಲಿಗೆ ಮುಗಿಯಿತು.

"ಮುಗಿಯಿತೇ? ಸಜೆಷನ್ ಎಲ್ಲಿ?" ಎಂದೆ ನಾನು.

ಹಾಗೆಂದರೇನು ಎಂದು ಅವಳು ಕೇಳಿದಳು. ವಿವರಿಸಿದೆ. ಅವಳದೇ ಹಾಳೆಯ ಕೆಳಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ನೀವು ಆವತ್ತು ಆರೋಪಿಯನ್ನು ನೋಡಲೇ ಇಲ್ಲ, ಅಲ್ಲವೇ? ಪೊಲೀಸರು ಹೇಳಿಕೊಟ್ಟದ್ದರಿಂದ ಅವನ ಹೆಸರು ಹೇಳುತ್ತಿದ್ದೀರಿ, ಅಲ್ಲವೇ? ನೀವು ಇಂದು ಕೋರ್ಟಿನ ಮುಂದೆ ಸುಳ್ಳು ಹೇಳುತ್ತಿದ್ದೀರಿ, ಅಲ್ಲವೇ?

ಅವಳು ಬಹಳ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ ಕಡತದ ಹಿಂದಿನ ಪುಟಗಳನ್ನು ತೆಗೆದು ನನ್ನ ಮುಂದಿಟ್ಟಳು. "ಕೋಚ್, ಕೊನೆಯ ಪ್ರಶ್ನೆಗೆ ಅವರು ಆರ್ಗ್ಯುಮೆಂಟೇಟಿವ್, ಇದು ಪ್ರಶ್ನೆಯಲ್ಲ ವಾದ, ಅಂತ ಆಕ್ಷೇಪಣೆ ಎತ್ತುತ್ತಾರೆ. ಎರಡನೆಯದಕ್ಕೆ ಕಡತದಲ್ಲಿ ಆಧಾರವೇ ಇಲ್ಲ. ಮೊದಲನೆಯದಕ್ಕೆ ಸಾಕ್ಷಿ ಏನು ಬೇಕಾದರೂ ಹೇಳಬಹುದಲ್ಲ?"

ಅವಳು ತೋರಿಸಿದ್ದು ಈ ಸ್ಪರ್ಧೆಯ ಅತಿ ಮುಖ್ಯವಾದ ನಿಯಮ. ವಕೀಲರಾಗಲಿ ಸಾಕ್ಷಿಯಾಗಲಿ ಕಡತದಲ್ಲಿಲ್ಲದ ಮಹತ್ವದ ಸಂಗತಿಯನ್ನು ಹುಟ್ಟಿಸುವಂತಿಲ್ಲ. ಹುಟ್ಟಿಸಿದರೆ ಎದುರಾಳಿ ಆಕ್ಷೇಪಿಸಬಹುದು. ಆದರೆ ಪಾಟಿ ಸವಾಲಿನಲ್ಲಿ ವಕೀಲರೇ ಹೇಳಿಕೆಯಲ್ಲಿಲ್ಲದ್ದನ್ನು ಕೆದಕಿ ಕೇಳಿದರೆ, ತನ್ನ ಹೇಳಿಕೆಗೆ ವಿರೋಧವಾಗದಂತೆ ಉತ್ತರಿಸಲು ಸಾಕ್ಷಿಗೆ ದಾರಿ ತೆರೆದಂತಾಗುತ್ತದೆ. ಹೇಳಿಕೆಯ ಗಡಿಯೊಳಗೆ ಇರುವವರೆಗೆ ಪಾಟಿ ಸವಾಲು ವಕೀಲರ ಕೈಯಲ್ಲಿರುತ್ತದೆ. ಗಡಿ ದಾಟಿದ ಕ್ಷಣ ಅದು ಸಾಕ್ಷಿಯ ಕೈಗೆ ಹೋಗುತ್ತದೆ. ಹತ್ತನೇ ತರಗತಿಯ ಹುಡುಗಿಗೆ ಇದು ಓದಿಯೇ ತಿಳಿದಿತ್ತು.

ನಾನು ಆ ಪುಟವನ್ನು ಕೈಗೆತ್ತಿಕೊಳ್ಳಲೂ ಇಲ್ಲ. "ಇವೆಲ್ಲ ಕಾಗದದ ಮೇಲಿನ ಮಾತು ಕಣಮ್ಮಾ. ಕೋರ್ಟಿನಲ್ಲಿ ನಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳದಿದ್ದರೆ ಒಪ್ಪಿಕೊಂಡಂತೆ" ಎಂದೆ. ಹಾಗೆ ಹೇಳುವಾಗ ನನ್ನ ದನಿ ನನ್ನ ಸೀನಿಯರ್ ದನಿಯಂತೆಯೇ ಇತ್ತು. ಅವಳು ಮರುಮಾತಾಡಲಿಲ್ಲ. ಮೂರನೆಯ ಕಾಲಮ್ಮು ಖಾಲಿ ಇದ್ದ ಮೂರು ಪ್ರಶ್ನೆಗಳು ಅವಳ ಹಾಳೆಯಲ್ಲಿ ಉಳಿದವು.

ಸ್ಪರ್ಧೆಯ ಸಂಜೆ ಕೋರ್ಟು ಹಾಲಿನ ಹಿಂದಿನ ಬೆಂಚಿನಲ್ಲಿ ನಾನು ಕುಳಿತಿದ್ದೆ. ವಿಚಾರಣೆ ನಡೆಯುವಾಗ ತರಬೇತುದಾರರು ಮಕ್ಕಳೊಂದಿಗೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತೆಯೂ ಇಲ್ಲ. ಹುಡುಗಿ ಎದ್ದಳು. ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಬರಿಗೈಯಲ್ಲಿ ನಿಂತು ಕೇಳತೊಡಗಿದಳು. ಎದುರು ಶಾಲೆಯ ಸಾಕ್ಷಿ ಚುರುಕಾದವಳು, ಆದರೆ ಪ್ರತಿ ಪ್ರಶ್ನೆಗೂ ಹೌದು ಎನ್ನದೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಹಾಳೆಯನ್ನು ಕೈಗೆ ಕೊಟ್ಟು "ನಾಲ್ಕನೇ ಸಾಲನ್ನು ದಯವಿಟ್ಟು ಕೋರ್ಟಿಗೆ ಓದಿ ಹೇಳುತ್ತೀರಾ?" ಎಂದಾಗ, ಸಾಕ್ಷಿ ತಗ್ಗಿದ ದನಿಯಲ್ಲಿ ಓದಿದಳು: ಮುಖ ಸರಿಯಾಗಿ ಕಾಣಲಿಲ್ಲ. ಅಂಕ ಹಾಕುವ ವಕೀಲರೊಬ್ಬರು ತಲೆಯೆತ್ತಿ ಹುಡುಗಿಯನ್ನು ನೋಡಿದರು. ಅಲ್ಲಿಗೆ ಕೇಸು ಅವಳ ಕೈಯಲ್ಲಿತ್ತು.

ಅವಳು ತನ್ನ ಮೇಜಿಗೆ ಮರಳಿದಳು. ಕುಳಿತುಕೊಳ್ಳುತ್ತಾಳೆ ಎಂದೇ ಎಲ್ಲರೂ ಎಣಿಸಿದ್ದರು. ಒಂದು ಕ್ಷಣ ಹಾಳೆ ನೋಡಿದಳು. ಅದನ್ನು ಕೈಗೆತ್ತಿಕೊಂಡು ತಿರುಗಿ ಬಂದಳು. ಅಷ್ಟು ಹೊತ್ತು ಬರಿಗೈಯಲ್ಲಿ ನಿಂತವಳು ಈಗ ಓದುತ್ತಿದ್ದಳು.

"ನೀವು ಆವತ್ತು ಆರೋಪಿಯನ್ನು ನೋಡಲೇ ಇಲ್ಲ, ಅಲ್ಲವೇ?"

ಸಾಕ್ಷಿಯ ಮುಖ ಅರಳಿತು. "ನೋಡಿದೆ. ಆ ರಾತ್ರಿ ನಾನು ನಡುಗುತ್ತಿದ್ದೆ, ಪೊಲೀಸರ ಮುಂದೆ ಹೆಸರು ಹೇಳಲು ಭಯವಾಯಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಧೈರ್ಯ ಮಾಡಿದೆ." ಆಗಷ್ಟೇ ಸಾಬೀತಾಗಿದ್ದ ವ್ಯತ್ಯಾಸಕ್ಕೆ ಒಳ್ಳೆಯದೊಂದು ಸಮಜಾಯಿಷಿ ಸಿಕ್ಕಿತು. ಅದನ್ನು ಹೇಳುವ ಅವಕಾಶವನ್ನು ಸಾಕ್ಷಿಗೆ ಕೊಟ್ಟದ್ದು ನಮ್ಮ ಪ್ರಶ್ನೆ. ಕಡತದಲ್ಲಿಲ್ಲದ ಮಾತು ಎಂದು ಹುಡುಗಿ ಆಕ್ಷೇಪಿಸಿದಳು. "ಕೇಳಿದವರು ನೀವೇ, ಕೌನ್ಸೆಲ್" ಎಂದು ನ್ಯಾಯಾಧೀಶರು ತಳ್ಳಿಹಾಕಿದರು. ಎರಡನೆಯ ಪ್ರಶ್ನೆಗೆ ಆಕ್ಷೇಪಣೆ ಬಂತು, ಎತ್ತಿಹಿಡಿದರು. ಮೂರನೆಯದಕ್ಕೆ ಆಕ್ಷೇಪಣೆ ಬಂತು, ಎತ್ತಿಹಿಡಿದರು. ಹುಡುಗಿ "ನಥಿಂಗ್ ಫರ್ದರ್" ಎಂದು ಕುಳಿತಳು.

ಆ ಸುತ್ತನ್ನು ನಾವು ಸೋತೆವು. ಕೊನೆಗೆ ನ್ಯಾಯಾಧೀಶರು ಮಕ್ಕಳೊಂದಿಗೆ ಮಾತಾಡುತ್ತ ಅವಳ ಹೆಸರು ಹಿಡಿದು, ಹೇಳಿಕೆ ಓದಿಸಿದ ರೀತಿಯನ್ನು ಮೆಚ್ಚಿದರು. ಅಷ್ಟಕ್ಕೆ ಕುಳಿತಿದ್ದರೆ ಕೇಸು ನಿನ್ನದಾಗಿತ್ತು ಎಂದರು. ಆ ಪ್ರಶ್ನೆಗಳನ್ನು ಯಾರು ಬರೆದುಕೊಟ್ಟರೆಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ, ತಲೆಯಾಡಿಸಿ ಧನ್ಯವಾದ ಹೇಳಿದಳು.

ಸೋತದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆಮೇಲೆ ಕಾರಿಡಾರಿನಲ್ಲಿ ನಡೆದದ್ದು. ತಂಡದ ಜವಾಬ್ದಾರಿ ಹೊತ್ತಿದ್ದ ಶಿಕ್ಷಕಿ ಅವಳ ಭುಜದ ಮೇಲೆ ಕೈಯಿಟ್ಟು, ಮುಂದಿನ ಸಲ ಎಲ್ಲಿ ನಿಲ್ಲಿಸಬೇಕೆಂದು ಕಲಿಯೋಣ ಎಂದರು. ಮೆತ್ತಗೇ ಹೇಳಿದ್ದು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಆ ಪ್ರಶ್ನೆಗಳು ನನ್ನವು ಎಂಬ ಮಾತು ಗಂಟಲವರೆಗೂ ಬಂತು, ಅಲ್ಲೇ ನಿಂತಿತು. ಪರದೇಶದಲ್ಲಿ ನನ್ನ ಓದಿಗೆ ಸಿಕ್ಕ ಒಂದೇ ಒಂದು ಗೌರವ ಈ ತರಗತಿಯದು. ಅದು ಕೈಬಿಟ್ಟೀತೆಂಬ ಹೆದರಿಕೆ. ಮಕ್ಕಳಿಗೆ ರಾಲೀಯ ಕಥೆ ಹೇಳಿದ ನಾನು, ಎದುರಿಗೆ ಬಂದು ಹೇಳಬೇಕಾದ ಮಾತನ್ನು ಹೇಳದೆ ನಿಂತೆ.

ಮುಂದಿನ ಅಭ್ಯಾಸದ ದಿನ ಎಲ್ಲರ ಎದುರಿಗೂ ಹೇಳಿದೆ. ಶಿಕ್ಷಕಿಗೂ ಹೇಳಿದೆ. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು, ಆಮೇಲೆ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಗೊತ್ತು ಕೋಚ್. ಎಲ್ಲರೂ ನೋಡಿದ್ದಾರೆ, ನಿಮ್ಮ ಕೈಬರಹವೇ ಇದೆಯಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಪ್ರಶ್ನೆಯಿತ್ತು. "ಕೇಳದಿದ್ದರೆ ಒಪ್ಪಿಕೊಂಡಂತೆ ಅಂದಿರಿ. ನಿಮ್ಮ ದೇಶದಲ್ಲಿ ಅದು ನಿಜವೇ? ಹಾಗಾದರೆ ಸರಿಯಾಗಿ ಕೇಳಲು ಬಾರದ ವಕೀಲರು ಸಿಕ್ಕರೆ ಆರೋಪಿಯ ಗತಿಯೇನು?"

ನನ್ನಲ್ಲಿ ಆ ಕ್ಷಣ ಉತ್ತರವಿರಲಿಲ್ಲ. ಮನೆಗೆ ಬಂದು ಮೊದಲ ಬಾರಿಗೆ ಕಡತದ ನಿಯಮಗಳನ್ನು ಒಂದನೇ ಪುಟದಿಂದ ಓದಿದೆ. ಅದರ ಜೊತೆಗೆ ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮಗಳನ್ನು, ಅದರ ಪಕ್ಕದಲ್ಲಿ ನಮ್ಮ 1872ರ ಕಾಯ್ದೆಯನ್ನು ಇಟ್ಟುಕೊಂಡು ಓದಿದೆ. ಫಿಟ್ಜ್‌ಜೇಮ್ಸ್ ಸ್ಟೀಫನ್ ಬರೆದ ಆ ಕಾಯ್ದೆಯನ್ನು ಪರೀಕ್ಷೆಗೆಂದು ಓದಿದ್ದೆ, ಕೇಸಿಗೆ ಬೇಕಾದಾಗ ಒಂದೊಂದು ಕಲಂ ತೆಗೆದು ನೋಡಿದ್ದೆ. ತಲೆಯಿಂದ ಬುಡದವರೆಗೆ, ಪ್ರತಿ ಕಲಮಿನ ಕೆಳಗಿನ ದೃಷ್ಟಾಂತಗಳ ಸಮೇತ ಓದಿದ್ದು ಆಗಲೇ. 145ನೇ ಕಲಮಿಗೆ ಬಂದಾಗ ನಿಂತೆ. ಸಾಕ್ಷಿಯ ಹಿಂದಿನ ಲಿಖಿತ ಹೇಳಿಕೆಯಿಂದ ಅವನ ಮಾತನ್ನು ಅಲ್ಲಗಳೆಯಬೇಕಾದರೆ, ಯಾವ ಭಾಗದಿಂದ ಅಲ್ಲಗಳೆಯುತ್ತೀರೋ ಆ ಭಾಗವನ್ನು ಅವನ ಗಮನಕ್ಕೆ ತರಬೇಕು. ಹುಡುಗಿ ನಾಲ್ಕನೇ ಸಾಲನ್ನು ಓದಿಸಿದಳಲ್ಲ, ಅದೇ.

ಪೊಲೀಸರಿಗೆ ಕೊಟ್ಟ ಹೇಳಿಕೆಯ ವಿಷಯದಲ್ಲಿ ನಮ್ಮಲ್ಲಿ ಇನ್ನೂ ಒಂದು ಹಂತವಿದೆ. ಅಂಥ ಹೇಳಿಕೆಗೆ ಸಾಕ್ಷಿ ಸಹಿ ಹಾಕುವಂತಿಲ್ಲ. ಅದನ್ನು ಆರೋಪಿಯ ಪರವಾಗಿ ಬಳಸಬಹುದಾದದ್ದು ಸಾಕ್ಷಿಯ ಮಾತನ್ನು ಅಲ್ಲಗಳೆಯಲು ಮಾತ್ರ. ದಂಡ ಪ್ರಕ್ರಿಯಾ ಸಂಹಿತೆಯ 162ನೇ ಕಲಂ ಹೇಳುವುದು ಅದನ್ನೇ, 1959ರ ತಹಸೀಲ್ದಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿವರವಾಗಿ ಬಿಡಿಸಿ ಹೇಳಿದ್ದೂ ಅದನ್ನೇ. ಸಾಕ್ಷಿ ಕಟಕಟೆಯಲ್ಲಿ "ನಾನು ಪೊಲೀಸರಿಗೆ ಹಾಗೆ ಹೇಳಿಲ್ಲ" ಎಂದುಬಿಟ್ಟರೆ ಆ ಭಾಗವನ್ನು ಗುರುತು ಮಾಡಿಸಿಟ್ಟುಕೊಂಡು, ಮುಂದೆ ತನಿಖಾಧಿಕಾರಿ ಸಾಕ್ಷಿ ಹೇಳಲು ಬಂದಾಗ "ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?" ಎಂದು ಕೇಳಬೇಕು. ಅವರು ಹೌದು ಎಂದರೆ ವ್ಯತ್ಯಾಸ ಸಾಬೀತಾಯಿತು. ಆ ಎರಡನೆಯ ಪ್ರಶ್ನೆಯನ್ನು ಕೇಳದಿದ್ದರೆ ಮೊದಲನೆಯದನ್ನು ಕೇಳಿಯೂ ವ್ಯರ್ಥ.

ಇದನ್ನು ಓದುತ್ತಿದ್ದಂತೆ ಒಬ್ಬ ಕಕ್ಷಿದಾರನ ಮುಖ ಕಣ್ಣ ಮುಂದೆ ಬಂತು. ಆಟೋ ಓಡಿಸುತ್ತಿದ್ದವನು. ಹಲ್ಲೆಯ ಕೇಸು, ಐಪಿಸಿ 324. ನೋಡಿದೆನೆಂದು ಹೇಳಿದ ಒಬ್ಬ ಅಂಗಡಿಯವನ ಮಾತಿನ ಮೇಲೆ ಶಿಕ್ಷೆಯಾಗಿತ್ತು. ಆಗ ಸಾಕ್ಷಿ ಗಟ್ಟಿಯಾಗಿದ್ದ, ನಾನೇನು ಮಾಡಲಾಗುತ್ತಿತ್ತು ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

ಊರಿನಲ್ಲಿರುವ ಜೂನಿಯರ್‌ಗೆ ಫೋನು ಮಾಡಿದೆ. ಆಫೀಸಿನ ಅಟ್ಟದ ಮೇಲಿದ್ದ ಕಟ್ಟುಗಳಲ್ಲಿ ಆ ಕಡತ ಹುಡುಕಿ, ಅಂಗಡಿಯವನ ಸಾಕ್ಷ್ಯದ ಪುಟಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಓದಿದೆ. ನಮ್ಮಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನ ರೂಪದಲ್ಲಿ ಬರೆಸುತ್ತಾರೆ, ಪ್ರಶ್ನೆ ಕಾಣಿಸುವುದಿಲ್ಲ. ನ್ಯಾಯಾಧೀಶರು ಬೇಕೆಂದು ಕಂಡಲ್ಲಿ ಮಾತ್ರ ಪ್ರಶ್ನೋತ್ತರ. ಹಾಗಾಗಿ ವರ್ಷಗಳ ನಂತರ ಓದುವಾಗ ನಮ್ಮ ಪ್ರಶ್ನೆ ಎಷ್ಟು ಒಳ್ಳೆಯದಿತ್ತು, ಎಷ್ಟು ಕೆಟ್ಟದಿತ್ತು ಎಂದು ಉತ್ತರಗಳ ಹಿಂದೆ ಊಹಿಸಬೇಕು. ಆದರೆ ಅಲ್ಲಿ ಊಹಿಸಬೇಕಾದದ್ದು ಏನೂ ಇರಲಿಲ್ಲ. "ಓಡಿ ಹೋದವನನ್ನು ಹಿಂದಿನಿಂದ ನೋಡಿದ್ದಾಗಿ ಪೊಲೀಸರ ಮುಂದೆ ಹೇಳಿಲ್ಲ" ಎಂಬ ವಾಕ್ಯ ಸ್ಪಷ್ಟವಾಗಿತ್ತು. ಆ ಭಾಗವನ್ನು ಗುರುತು ಮಾಡಿಸಿರಲಿಲ್ಲ. ಅದರ ಕೆಳಗೆ ಸಾಲಾಗಿ ಎಂದರೆ ಸರಿಯಲ್ಲ, ಎಂದರೆ ಸರಿಯಲ್ಲ, ಎಂದರೆ ಸರಿಯಲ್ಲ. ತನಿಖಾಧಿಕಾರಿಯ ಪಾಟಿ ಸವಾಲು ಕಳಿಸು ಎಂದೆ. ಅದೂ ಬಂತು. ಸುಳ್ಳು ದೋಷಾರೋಪಣಾ ಪಟ್ಟಿ ಸಲ್ಲಿಸಿದ್ದೇನೆ ಎಂದರೆ ಸರಿಯಲ್ಲ, ಠಾಣೆಯಲ್ಲಿ ಕುಳಿತು ಹೇಳಿಕೆಗಳನ್ನು ಬರೆದುಕೊಂಡಿದ್ದೇನೆ ಎಂದರೆ ಸರಿಯಲ್ಲ. ಅಂಗಡಿಯವನ ಹೇಳಿಕೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಇರಲಿಲ್ಲ. ಕೇಳಿದ್ದರೆ ಆ ಅಧಿಕಾರಿ ಹೌದು ಎನ್ನದೆ ಬೇರೆ ವಿಧಿಯಿರಲಿಲ್ಲ. ಹೇಳಿಕೆಯನ್ನು ಬರೆದುಕೊಂಡವರೇ ಅವರು.

ತೀರ್ಪಿನಲ್ಲಿ ಒಂದು ಸಾಲಿದೆ. ಪಾಟಿ ಸವಾಲಿನಲ್ಲಿ ಈ ಸಾಕ್ಷಿಯ ಬಾಯಿಂದ ಅಲುಗಾಡಿಸುವಂಥದ್ದೇನೂ ಹೊರಬಂದಿಲ್ಲ ಎಂದು. ನ್ಯಾಯಾಧೀಶರು ಬರೆದದ್ದು ಸರಿಯಾಗಿಯೇ ಇತ್ತು. ದಾಖಲೆಯಲ್ಲಿ ಅಂಥದ್ದೇನನ್ನೂ ನಾನು ಉಳಿಸಿರಲಿಲ್ಲ.

ಮೇಲ್ಮನವಿಯನ್ನು ಬೇರೆ ವಕೀಲರು ನಡೆಸಿದ್ದರು. ಸೆಷನ್ಸ್ ಕೋರ್ಟು ಶಿಕ್ಷೆಯ ಅವಧಿ ಕಡಿಮೆ ಮಾಡಿತ್ತು, ಅಪರಾಧಿ ಎಂಬ ತೀರ್ಮಾನವನ್ನು ಉಳಿಸಿತ್ತು. ಅವನು ಜೈಲಿನಲ್ಲಿದ್ದಾಗ ಆಟೋ ಸಾಲದವರ ಪಾಲಾಯಿತು ಎಂದು ಜೂನಿಯರ್ ಹೇಳಿದಳು. ಈಗ ಬೆಂಗಳೂರಿನಲ್ಲಿ ಎಲ್ಲೋ ಸೆಕ್ಯುರಿಟಿ ಕೆಲಸ. ಅವನ ಫೋನ್ ನಂಬರು ಸಿಕ್ಕಿತು. ಮಾತಾಡಿದೆ, ಏನು ತಪ್ಪಾಯಿತೆಂದು ತಿಳಿಸಿದೆ. ಅವನು ಬಹಳ ಹೊತ್ತು ಕೇಳಿಸಿಕೊಂಡು, "ಆಗ ಹೇಳಿದ್ದರೆ ಅಪೀಲಿನಲ್ಲಿ ಏನಾದರೂ ಆಗುತ್ತಿತ್ತಾ ಮೇಡಂ?" ಎಂದ. ಆಗುತ್ತಿತ್ತು ಎಂದೆ. ಸಾಕ್ಷಿಯನ್ನು ಮತ್ತೆ ಕರೆಸಲು, ಹೆಚ್ಚಿನ ಸಾಕ್ಷ್ಯ ಪಡೆಯಲು ಮೇಲ್ಮನವಿ ಕೋರ್ಟಿಗೆ ಅಧಿಕಾರವಿದೆ, ಕೇಳಿಕೊಳ್ಳಬಹುದಿತ್ತು. ಅವನು ಸರಿ ಎಂದು ಫೋನ್ ಇಟ್ಟ. ಅವನು ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ಕೇಳುವ ಹಕ್ಕು ನನಗಿಲ್ಲ.

ಹುಡುಗಿಗೆ ಉತ್ತರ ಕೊಡಬೇಕಿತ್ತು. ತರಗತಿಯಲ್ಲಿ ಆ ಕೇಸನ್ನು ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆದು ಇಟ್ಟೆ: ಅಂಗಡಿಯವನು ಪೊಲೀಸರಿಗೆ ಹೇಳಿದ್ದು ಒಂದು ಕಡೆ, ಕೋರ್ಟಿನಲ್ಲಿ ಹೇಳಿದ್ದು ಇನ್ನೊಂದು ಕಡೆ, ನಾನು ಕೇಳಿದ್ದು ಕೆಳಗೆ. ಆರೋಪಿಯ ವಕೀಲರು ಏನು ಬಿಟ್ಟರು ಹೇಳಿ ಎಂದೆ. ನಮ್ಮ ಕಾನೂನಿನ ಎರಡು ಕಲಂಗಳ ಪ್ರತಿಯನ್ನೂ ಕೊಟ್ಟೆ. ಮಕ್ಕಳು ಓದಿದರು. ಎಲ್ಲರಿಗಿಂತ ಮೊದಲು ಕೈಯೆತ್ತಿದವನು ತಂಡದಲ್ಲಿ ಸಮಯ ನೋಡುವ ಗುಮಾಸ್ತನ ಪಾತ್ರದ ಹುಡುಗ, ಎಂದೂ ವಕೀಲನಾಗಿ ನಿಂತವನಲ್ಲ. "ಪೊಲೀಸ್ ಅಧಿಕಾರಿಯನ್ನು ಕೇಳಬೇಕಿತ್ತು" ಎಂದ. ಆ ಎರಡು ಕಲಂಗಳನ್ನು ಅವನು ಓದಿದ್ದು ಹತ್ತು ನಿಮಿಷ.

ಅಂಥ ಆರೋಪಿಯ ಗತಿಯೇನು ಎಂಬುದಕ್ಕೆ ನಾನು ಕೊಟ್ಟ ಉತ್ತರ ಹೀಗಿತ್ತು: ಸಾಕ್ಷಿಗೆ ಏನನ್ನು ಬೇಕಾದರೂ ಕೇಳುವ ಅಧಿಕಾರ ನಮ್ಮಲ್ಲಿ ನ್ಯಾಯಾಧೀಶರಿಗೂ ಇದೆ, 1872ರ ಕಾಯ್ದೆಯ 165ನೇ ಕಲಂ. ಕೆಲವು ನ್ಯಾಯಾಧೀಶರು ಅದನ್ನು ಬಳಸುತ್ತಾರೆ, ರಾಶಿ ಕೇಸುಗಳ ನಡುವೆ ಹಲವರಿಗೆ ಪುರುಸೊತ್ತಾಗುವುದಿಲ್ಲ. ಉಳಿದಂತೆ ಆರೋಪಿ ತನ್ನ ವಕೀಲರ ಓದಿನ ಮೇಲೆ ನಿಂತಿರುತ್ತಾನೆ. ಹುಡುಗಿಗೆ ಆ ಉತ್ತರ ಸಾಲಲಿಲ್ಲ. ನನಗೂ ಸಾಲದು.

2024ರ ಜುಲೈ 1ರಿಂದ ನಮ್ಮಲ್ಲಿ ಹೊಸ ಕಾಯ್ದೆಗಳು ಬಂದಿವೆ. ಸಾಕ್ಷ್ಯ ಕಾಯ್ದೆಯ 145 ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 148. 162ನೇ ಕಲಮಿನ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 181. ಸಂಖ್ಯೆ ಬದಲಾಗಿದೆ, ಕ್ರಮ ಬದಲಾಗಿಲ್ಲ. ಹುಡುಗಿಯ ಮೂರು ಕಾಲಮ್ಮಿನ ಹಾಳೆಯ ಪ್ರತಿಯನ್ನು, ಅವಳ ಒಪ್ಪಿಗೆ ಪಡೆದು, ಊರಿನ ಜೂನಿಯರ್‌ಗೆ ಕಳಿಸಿದೆ. ಜೂನಿಯರ್ ಅದಕ್ಕೆ ನಾಲ್ಕನೆಯ ಕಾಲಮ್ಮೊಂದನ್ನು ಸೇರಿಸಿಕೊಂಡಿದ್ದಾಳೆ: ಸಾಕ್ಷಿ ಇಲ್ಲ ಎಂದರೆ ತನಿಖಾಧಿಕಾರಿಗೆ ಕೇಳಬೇಕಾದ ಪ್ರಶ್ನೆ. ಸಜೆಷನ್ ಹಾಕುವುದನ್ನು ಬಿಟ್ಟಿಲ್ಲ, ನಮ್ಮ ಕೋರ್ಟಿನಲ್ಲಿ ಬಿಡುವಂತೆಯೂ ಇಲ್ಲ. ಆ ನಾಲ್ಕು ಕಾಲಮ್ಮು ತುಂಬಿದ ಮೇಲೆ, ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾಳೆ.